ವಿರಳವೆಂಬ ಮಾತು

ಲಸಿಕೆಯ ಪೆಟ್ಟಿಗೆಯೊಳಗೆ ಮಡಿಸಿ ಇಟ್ಟಿರುವ ಸಣ್ಣಕ್ಷರದ ಕಾಗದವನ್ನು ಬಿಚ್ಚಿ ಓದುವವರು ಕಡಿಮೆ. ಓದಿದವರಿಗೆ ಅಲ್ಲಿ ಸಾಮಾನ್ಯ ಪರಿಣಾಮಗಳು, ವಿರಳ ಪರಿಣಾಮಗಳು, ಅತಿವಿರಳ ಪರಿಣಾಮಗಳು ಎಂಬ ವರ್ಗೀಕರಣವು ಕಾಣುವದು. ವಿರಳವೆಂದರೆ ಒತ್ತಾಗಿರದದ್ದು, ನಡುನಡುವೆ ತೆರವುಳ್ಳದ್ದು ಎಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಅರ್ಥ ಹೇಳುತ್ತಿದ್ದರು. ನೆಯ್ಗೆ ಸಡಿಲಾದ ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿ ಆ ಅರ್ಥವನ್ನು ಮನದಟ್ಟು ಮಾಡುತ್ತಿದ್ದರು. ಎಣಿಕೆ ಮಾಡುವವರಿಗೆ ಇದು ಉಪಯುಕ್ತವಾದ ಶಬ್ದವೇ ಸರಿ. ಆದರೆ ಯಾವನ ಮೈಗೆ ಆ ಪರಿಣಾಮವು ತಗಲುವದೋ ಅವನಲ್ಲಿ ಅದು ವಿರಳವಾಗಿ ಇರುವದಿಲ್ಲ, ಪೂರ್ತಿಯಾಗಿಯೇ ಇರುವದು. ಲಕ್ಷಕ್ಕೊಬ್ಬನೆಂದು ನಾವು ಹೇಳಿ ಸುಮ್ಮನಾಗುವೆವು. ಆ ಒಬ್ಬನು ಮಾತ್ರ ಸುಮ್ಮನಾಗಲಾರನು. ಲಷ್ಕರದ ಸಿಪಾಯಿಗಳ ವಿಷಯದಲ್ಲಿ ಈ ಒಬ್ಬನ ಗತಿಯೇನೆಂಬದನ್ನು ಕೆಲವು ದಿನಗಳಿಂದ ಯೋಚಿಸುತ್ತಿದ್ದೇನೆ. ಅದನ್ನೇ ವಾಚಕರ ಮುಂದಿಡುವೆನು.

ನಾನು ಚಿಕ್ಕೋಡಿಯವನು. 34 ವರ್ಷ ಈ ಸೀಮೆಯ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ವಿಶ್ರಾಂತಿ ಪಡೆದವನು. ಚಿಕ್ಕೋಡಿ, ರಾಯಬಾಗ, ಅಥಣಿ, ಇವುಗಳಿಂದ ಒಡೆದು ಈಚೆಗೆ ಬೇರೆ ತಾಲೂಕುಗಳಾದ ನಿಪ್ಪಾಣಿ, ಕಾಗವಾಡ, ಈ ಭಾಗದ ಯಾವ ಹಳ್ಳಿಗೆ ಹೋದರೂ ಒಂದೆರಡು ಮನೆಗಳಲ್ಲಾದರೂ ಗೋಡೆಯ ಮೇಲೆ ಸಮವಸ್ತ್ರ ತೊಟ್ಟ ಮಗನ ಪಟವು ತೂಗುತ್ತಿರುವದು. ಕಬ್ಬು, ತಂಬಾಕುಗಳ ಹೊಲ ಹಂಚಿ ಹಂಚಿ ಸಣ್ಣದಾದ ಮನೆಗಳಲ್ಲಿ ಒಬ್ಬ ಹುಡುಗನು ಲಷ್ಕರಕ್ಕೆ ಸೇರುವದು ರೂಢಿಯಾಗಿದೆ. ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಗುಂಪುಗಟ್ಟಿ ಓಡುವ ಹುಡುಗರನ್ನು ಕಂಡರೆ ಭರತಿಯ ದಿನ ಹತ್ತಿರ ಬಂದಿತೆಂದು ತಿಳಿಯಬೇಕು. ಮರಾಠಾ ಲಘು ಪದಾತಿದಳದ ಕೇಂದ್ರವು 1922ರಿಂದ ಬೆಳಗಾವಿಯಲ್ಲಿಯೇ ಇರುವದರಿಂದ ಸಿಪಾಯಿಗಿರಿಯು ನಮಗೆ ದೂರದ ಮಾತಲ್ಲ.

ಲಸಿಕೆಯೂ ನಮಗೆ ದೂರದ ಮಾತಲ್ಲ. ಬೆಳಗಾವಿಯ ತಿಲಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂದು ಕರೆಯಿಸಿಕೊಳ್ಳುವ ಮರಗಳ ತಾಣವೊಂದುಂಟು. ಇಂದಿನ ಹುಡುಗರು ಅದನ್ನು ಸಭೆ, ಪ್ರದರ್ಶನ, ಆಟಗಳ ಬಯಲೆಂದೇ ಬಲ್ಲರು. ಅಲ್ಲಿ ಮುಂಬಯಿ ಇಲಾಖೆಯ ಕಾಲದಿಂದ ಕರುಗಳ ಮೈಮೇಲೆ ಸಿಡುಬಿನ ಲಸಿಕೆಯನ್ನು ಬೆಳೆಸಿ ಊರೂರಿಗೆ ಕಳಿಸುತ್ತಿದ್ದರು. ನಮ್ಮ ಕಡೆ ಅದಕ್ಕೆ ದೇವಿ ಹಾಕಿಸುವದೆಂದೇ ಹೆಸರು. ನನ್ನ ತೋಳಿನ ಮೇಲೆ ಇಂದಿಗೂ ಇರುವ ಎರಡು ಬಿಲ್ಲೆಯಂಥ ಕಲೆಗಳು ಆ ದೇವಿಯವೇ. ಭಾರತದಲ್ಲಿ ಸಿಡುಬಿನ ಕಡೆಯ ರೋಗಿಯು ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಭೂಮಿಯೇ ಈ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ನಮ್ಮ ಅಜ್ಜಿಯು ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದ ಗುಡಿಸಲಲ್ಲಿ ತಿಂಗಳುಗಟ್ಟಲೆ ಇದ್ದ ಕಥೆಯನ್ನು ಹೇಳುವಾಗ ಸತ್ತವರ ಹೆಸರುಗಳನ್ನು ಬೆರಳೆಣಿಸಿ ಹೇಳುತ್ತಿದ್ದಳು. ಎರಡೂ ಕೈ ಬೆರಳು ಮುಗಿದು ಮತ್ತೆ ಮೊದಲಿಂದ ಎಣಿಸಬೇಕಾಗುತ್ತಿತ್ತು. ಇಂಥ ಮನೆಯಲ್ಲಿ ಬೆಳೆದವನು ಲಸಿಕೆಯ ಉಪಕಾರವನ್ನು ಮರೆತು ಮಾತಾಡಲಾರನು. ಮುಂದೆ ನಾನು ಹೇಳುವದನ್ನು ಈ ಋಣದ ತಿಳಿವಿನಿಂದಲೇ ಹೇಳುತ್ತಿರುವೆನೆಂದು ಭಾವಿಸಬೇಕು.

ಲಸಿಕೆಗೂ ದಂಡಿಗೂ ಮೊದಲಿನಿಂದಲೇ ನಂಟು. ಸಾವಿರಾರು ಜನರು ಒಂದೇ ಛಾವಣಿಯಲ್ಲಿ ಉಂಡು, ಒಂದೇ ನೀರು ಕುಡಿದು, ಒಂದೇ ಸಾಲಿನಲ್ಲಿ ಮಲಗುವಲ್ಲಿ ರೋಗವು ಬೆಂಕಿಯಂತೆ ಹಬ್ಬುವದು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಗುಂಡಿನಿಂದ ಸತ್ತ ಬ್ರಿಟಿಷ್ ಸಿಪಾಯಿಗಳಿಗಿಂತ ರೋಗದಿಂದ ಸತ್ತವರೇ ಹೆಚ್ಚು. ಅದರಲ್ಲಿಯೂ ವಿಷಮಜ್ವರದ ಪಾಲು ದೊಡ್ಡದು. ಆ ಜ್ವರದ ಲಸಿಕೆಯನ್ನು ಕಂಡುಹಿಡಿದ ಆಲ್ಮ್ರಾತ್ ರೈಟ್‌ರು ಯುದ್ಧಕ್ಕೆ ಮುಂಚೆ ಭಾರತಕ್ಕೆ ಬಂದಿದ್ದಾಗ ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೇ ಅದನ್ನು ಹಾಕಿ ನೋಡಿದ್ದರು. ಪ್ಲೇಗಿನ ಲಸಿಕೆಯನ್ನು ಮಾಡಿದ ಹಾಫ್‌ಕಿನ್ ಮಹಾಶಯರು 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತಮ್ಮ ಮೈಗೇ ಅದನ್ನು ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರು ಅದನ್ನು ಹಾಕಿಸಿಕೊಂಡರು. ಹೀಗೆ ದಂಡಿನ ಸಾಲಿನಲ್ಲಿ ತೋಳು ಚಾಚಿ ನಿಂತವರು ಊರಿನವರಿಗೂ ದಾರಿ ತೋರಿದವರಾದರು.

ಆದರೆ ಊರಿನವನ ತೋಳಿಗೂ ಸಿಪಾಯಿಯ ತೋಳಿಗೂ ಒಂದು ಭೇದವುಂಟು. ನಾವು ದವಾಖಾನೆಗೆ ಹೋಗಿ ಕೇಳಬಹುದು, ತರ್ಕಿಸಬಹುದು, ನಾಳೆ ನೋಡೋಣವೆಂದು ಮನೆಗೆ ಮರಳಲೂ ಬಹುದು. ಸಿಪಾಯಿಗೆ ಅದು ಆಜ್ಞೆ. ಕೊರೋನಾದ ಕಾಲದಲ್ಲಿ ವಾಯುಸೇನೆಯ ಕೆಲವರು ಸೂಜಿ ಒಲ್ಲೆನೆಂದಾಗ ಅವರಿಗೆ ನೋಟೀಸುಗಳು ಹೋದವು. ಅವರಲ್ಲೊಬ್ಬನನ್ನು ಸೇವೆಯಿಂದ ತೆಗೆದುಹಾಕಲಾಗಿದೆಯೆಂದು 2021ರ ಆಗಸ್ಟಿನಲ್ಲಿ ಗುಜರಾತದ ಉಚ್ಚ ನ್ಯಾಯಾಲಯಕ್ಕೆ ತಿಳಿಸಲಾಯಿತು. ಲಷ್ಕರದಲ್ಲಿ ಇಂಥ ಶಿಸ್ತು ಬೇಕಿಲ್ಲವೆಂದು ನಾನು ವಾದಿಸುವದಿಲ್ಲ. ಒಬ್ಬನ ರೋಗವು ಇಡೀ ಪಲಟಣವನ್ನು ಮಲಗಿಸಬಲ್ಲದು. ಆದರೆ ಬೇಡವೆನ್ನುವ ಹಕ್ಕನ್ನು ಯಾವನಿಂದ ತೆಗೆದುಕೊಂಡೆವೋ ಅವನ ಯೋಗಕ್ಷೇಮದ ಹೊಣೆಯು ಅಷ್ಟರ ಮಟ್ಟಿಗೆ ತೆಗೆದುಕೊಂಡವರ ಮೇಲೆ ಏರಿ ಕೂಡ್ರುವದು.

ಈ ಮಾತು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಶಿಷ್ಯನೊಬ್ಬನಿರುವನು. ಶಾಲೆಯಲ್ಲಿ ಶಬ್ದರೂಪಗಳನ್ನು ಕವಾಯತಿನ ಧಾಟಿಯಲ್ಲಿ ಒಪ್ಪಿಸುತ್ತಿದ್ದ ಹುಡುಗ. ಮುಂದೆ ಲಷ್ಕರದಲ್ಲಿ ಹವಾಲ್ದಾರನಾದನು. 2021ರಲ್ಲಿ ಕೊರೋನಾದ ಎರಡನೆಯ ಸೂಜಿಯಾದ ಎರಡು ವಾರದೊಳಗೆ ಅವನ ಅಂಗಾಲುಗಳು ಜುಮುಗುಟ್ಟತೊಡಗಿದವು. ಮೂರನೆಯ ದಿನ ಮೆಟ್ಟಿಲು ಹತ್ತಲಾಗಲಿಲ್ಲ. ಐದನೆಯ ದಿನ ನೀರಿನ ಲೋಟವನ್ನು ಬಾಯಿಗೆ ಎತ್ತಲಾಗಲಿಲ್ಲ. ಗಿಯಾನ್ ಬಾರೆ ಎಂಬವರ ಹೆಸರಿನಿಂದ ಕರೆಯಿಸಿಕೊಳ್ಳುವ ನರಗಳ ಬೇನೆಯೆಂದು ವೈದ್ಯರು ಗುರುತಿಸಿ, ಒಳ್ಳೆಯ ಚಿಕಿತ್ಸೆಯನ್ನೇ ಮಾಡಿದರು. ಜೀವ ಉಳಿಯಿತು, ಕೈಗಳಿಗೆ ಬಲ ಬಂದಿತು. ಎಡಗಾಲಿನ ಮುಂಗಾಲು ಮಾತ್ರ ಇಂದಿಗೂ ಮೇಲೇಳದು. ನಡೆಯುವಾಗ ನೆಲಕ್ಕೆ ಎಳೆಯುವದು. ಅವನ ಕಾಗದಗಳಲ್ಲಿ ಕಾರಣ ತಿಳಿಯದೆಂದು ಬರೆದಿದ್ದಾರೆ. ಸೂಜಿ ಹಾಕಿದ ತಾರೀಖನ್ನು ಎಲ್ಲಿಯೂ ಕಾಣಿಸಿಲ್ಲ.

ರಜೆಯಲ್ಲಿ ಬಂದಾಗ ನಮ್ಮ ಮನೆಗೆ ಬಂದು ನಮಸ್ಕರಿಸಿ ಕೂತವನಿಗೆ, “ತಮ್ಮಾ, ಸೂಜಿಯಿಂದಲೇ ಹೀಗಾಯಿತೆಂದು ನಿನಗನಿಸುವದೇ?” ಎಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ನೆಲ ನೋಡಿ ಹೇಳಿದ್ದಿಷ್ಟು: “ಗುರುಗಳ್ರಿ, ಅದರಿಂದನ ಆತಂತ ನಾ ಹೆಂಗ ಹೇಳಲಿ? ನಾ ಡಾಕ್ಟರ ಅಲ್ಲ. ಆಗಿರಬಹುದೇನೋ ಅಂತ ಒಂದ ಸಾಲ ಬರೀರಿ ಅಂದೆ. ಅದನ್ನ ಯಾಕ ಬರೀಲಿಲ್ಲ? ಅಷ್ಟ ನಾ ಕೇಳೂದ್ರಿ.”

ಅವನ ಊರಿನಲ್ಲಿ ಮಾತು ಬೇರೆಯೇ ಆಗಿತ್ತು. ಸೂಜಿ ಮಾಡಿಸಿಕೊಂಡು ಕಾಲು ಕಳಕೊಂಡನೆಂಬ ಸುದ್ದಿಯು ಹೊಳೆ ದಾಟಿ ಆಚೆಯ ದಂಡೆಗೂ ಮುಟ್ಟಿತು. ಕೂಸುಗಳಿಗೆ ಹಾಕಿಸುವ ಸೂಜಿಗಳನ್ನೂ ಕೆಲವರು ಒಲ್ಲೆನೆಂದರು. ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದರೆ ಒಳಗಿಂದಲೇ ಮಾತಾಡಿ ಕಳಿಸಿದರು. ಆಗ ಈ ಹವಾಲ್ದಾರನು ಮಾಡಿದ ಒಂದು ಕೆಲಸವನ್ನು ನಾನು ಇಲ್ಲಿ ಬರೆಯಲೇಬೇಕು. ಒಂಬತ್ತು ತಿಂಗಳ ಮಗಳನ್ನು ಎತ್ತಿಕೊಂಡು, ಎಡಗಾಲನ್ನು ಎಳೆಯುತ್ತ, ಹಗಲು ಹನ್ನೊಂದರ ಹೊತ್ತಿನಲ್ಲಿ ಊರ ನಡುವಿನ ಬೀದಿಯಿಂದಲೇ ಆರೋಗ್ಯ ಉಪಕೇಂದ್ರಕ್ಕೆ ನಡೆದುಹೋಗಿ, ಕೂಸಿಗೆ ದಡಾರದ ಸೂಜಿ ಹಾಕಿಸಿಕೊಂಡು ಬಂದನು. ಯಾರಿಗೂ ಏನೂ ಹೇಳಲಿಲ್ಲ. ತನ್ನ ಕಾಲಿನ ಲೆಕ್ಕವೇ ಬೇರೆ, ಮಗಳ ಪ್ರಾಣದ ಲೆಕ್ಕವೇ ಬೇರೆಯೆಂಬದನ್ನು ಅವನು ತನ್ನೊಳಗೆ ತೂಗಿ ನೋಡಿದ್ದನು.

ಅವನ ಪ್ರಶ್ನೆಯನ್ನು ಶಾಸ್ತ್ರದ ದಾರಿಯಿಂದ ನೋಡೋಣ. ಕಾಗೆ ಬಂದು ಕೂಡ್ರುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಒಂದೇ ಗಳಿಗೆ ಕೂಡಿ ಬಂದರೆ ಕಾಗೆಯೇ ಹಣ್ಣು ಕೆಡವಿತೆನ್ನಬಾರದು, ಇದನ್ನೇ ಕಾಕತಾಲೀಯವೆನ್ನುವರು. ಕೋಟಿಗಟ್ಟಲೆ ಜನರಿಗೆ ಸೂಜಿ ಹಾಕಿದಾಗ ಮರುವಾರ ಯಾರಿಗಾದರೂ ಯಾವದಾದರೂ ಬೇನೆ ಬಂದೇ ಬರುವದು. ಈ ನರಬೇನೆಯನ್ನೇ ನೋಡಿರಿ: 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇದನ್ನು ವರ್ಣಿಸಿದ್ದು ಇಬ್ಬರು ಸಿಪಾಯಿಗಳಲ್ಲಿ. 2025ರ ಆರಂಭದಲ್ಲಿ ಪುಣೆಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಇದು ಬಂದಾಗ ಕೆಟ್ಟ ನೀರಿನ ಮೇಲೆಯೇ ಸಂಶಯ ಮೂಡಿತು. ಹೊಟ್ಟೆಯ ಸೋಂಕು ಇದಕ್ಕೆ ಪ್ರಸಿದ್ಧವಾದ ಕಾರಣ, ಸೂಜಿಯೊಂದೇ ಕಾರಣವಲ್ಲ. ಹಾಗೆಂದು ಸೂಜಿಯು ಎಂದೂ ಕಾರಣವಾಗಲಾರದೆನ್ನುವಂತೆಯೂ ಇಲ್ಲ. ಕೆಲವು ಕೊರೋನಾ ಲಸಿಕೆಗಳ ಅತಿವಿರಳ ಪರಿಣಾಮಗಳ ಪಟ್ಟಿಯಲ್ಲಿ ಯುರೋಪಿನ ಔಷಧ ನಿಯಂತ್ರಕರು 2021ರಲ್ಲಿಯೇ ಈ ಬೇನೆಯನ್ನು ಸೇರಿಸಿದರು. ಹೀಗಿರಲು ಕಾಕತಾಲೀಯವೋ ಕಾರ್ಯಕಾರಣವೋ ಎಂದು ನಿರ್ಣಯಿಸುವ ಬಗೆ ಯಾವದು? ನಮ್ಮ ತರ್ಕವು ಅದಕ್ಕೆ ಅನ್ವಯ ವ್ಯತಿರೇಕಗಳೆಂಬ ಎರಡು ಕಣ್ಣುಗಳನ್ನು ಕೊಟ್ಟಿದೆ. ಒಂದಿದ್ದಲ್ಲಿ ಇನ್ನೊಂದು ಇರುವದೇ, ಅದಿಲ್ಲದಲ್ಲಿ ಇದೂ ಇಲ್ಲದಿರುವದೇ ಎಂದು ನೋಡಬೇಕು. ಅದಕ್ಕೆ ಇದ್ದವರ ಲೆಕ್ಕವೂ ಬೇಕು, ಇಲ್ಲದವರ ಲೆಕ್ಕವೂ ಬೇಕು, ಎರಡನ್ನೂ ಬರೆದಿಟ್ಟಿರಬೇಕು.

ಬರೆದಿಟ್ಟದ್ದರ ಬೆಲೆ ಎಷ್ಟೆಂಬದಕ್ಕೆ ಅಮೆರಿಕದ ದಂಡಿನ ಒಂದು ಉದಾಹರಣೆಯನ್ನು ಕೊಡುವೆನು. 1942ರಲ್ಲಿ ಯುದ್ಧಕ್ಕೆ ಹೊರಟ ಸಿಪಾಯಿಗಳಿಗೆ ಹಳದಿ ಜ್ವರದ ಲಸಿಕೆ ಹಾಕಿದರು. ಲಸಿಕೆಯು ಕೆಡದಿರಲೆಂದು ಅದರಲ್ಲಿ ಮನುಷ್ಯರಕ್ತದ ಸೀರಮ್ಮನ್ನು ಬೆರೆಸಿದ್ದರು. ಕೆಲವು ತಿಂಗಳ ಮೇಲೆ ಸುಮಾರು 50,000 ಸಿಪಾಯಿಗಳು ಕಾಮಾಲೆಯಿಂದ ದವಾಖಾನೆ ಸೇರಿದರು. ಯಾವ ಲಸಿಕೆಯು ಯಾವ ತಯಾರಿಕೆಯದೆಂದು ದಾಖಲೆಯಿದ್ದುದರಿಂದ ಬೇನೆಯು ಕೆಲವು ತಯಾರಿಕೆಗಳನ್ನೇ ಹಿಂಬಾಲಿಸುತ್ತಿರುವದು ಕಂಡಿತು. ಸೀರಮ್ಮು ಬೆರೆಸುವದನ್ನು ಅದೇ ವರ್ಷ ಬಿಟ್ಟುಬಿಟ್ಟರು. ಆದರೆ ಆ ಸೀರಮ್ಮಿನೊಳಗೆ ಇದ್ದದ್ದು ಏನೆಂಬದು ಆಗ ಯಾರಿಗೂ ತಿಳಿದಿರಲಿಲ್ಲ. ನಾಲ್ಕು ದಶಕಗಳ ಮೇಲೆ ಸಂಶೋಧಕರು ಆ ಹಳೆಯ ಯಾದಿಗಳನ್ನು ತೆಗೆದು, ಮುದುಕರಾಗಿದ್ದ 597 ಮಾಜಿ ಸಿಪಾಯಿಗಳನ್ನು ಹುಡುಕಿ, ಅವರ ರಕ್ತವನ್ನು ಪರೀಕ್ಷಿಸಿದರು. ಮೂರು ಪಂಗಡ ಮಾಡಿದರು: ಆ ಲಸಿಕೆ ಪಡೆದು ಕಾಮಾಲೆಯಾದವರು, ಅದೇ ಲಸಿಕೆ ಪಡೆದೂ ಆರೋಗ್ಯದಿಂದಿದ್ದವರು, ಸೀರಮ್ಮಿಲ್ಲದ ಹೊಸ ಲಸಿಕೆ ಪಡೆದವರು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕಿನ ಗುರುತು ಮೊದಲನೆಯವರಲ್ಲಿ ನೂರಕ್ಕೆ 97 ಜನರಲ್ಲಿ, ಎರಡನೆಯವರಲ್ಲಿ 76 ಜನರಲ್ಲಿ, ಮೂರನೆಯವರಲ್ಲಿ ಬರೇ 13 ಜನರಲ್ಲಿ ಸಿಕ್ಕಿತು. ಅನ್ವಯ ವ್ಯತಿರೇಕಗಳಿಗೆ ಇದಕ್ಕಿಂತ ಚೊಕ್ಕವಾದ ದೃಷ್ಟಾಂತವನ್ನು ನಾನು ಯಾವ ತರ್ಕಗ್ರಂಥದಲ್ಲಿಯೂ ಓದಿಲ್ಲ. ಒಟ್ಟು 3,30,000 ಜನರಿಗೆ ಸೋಂಕು ತಗಲಿದ್ದಿರಬಹುದೆಂದು 1987ರಲ್ಲಿ ಅವರು ಪ್ರಕಟಿಸಿದರು. ಜೊತೆಗೆ ಒಂದು ಸಮಾಧಾನದ ಮಾತೂ ಹೊರಬಿದ್ದಿತು: ಸೋಂಕನ್ನು ಮೈಯಲ್ಲಿ ಜೀವಮಾನವಿಡೀ ಹೊತ್ತು ಉಳಿದವರು ಅತಿ ಕಡಿಮೆ. ಎಣಿಸಿದ್ದರಿಂದ ಹಾನಿಯೂ ತಿಳಿಯಿತು, ಹಾನಿಯ ಎಲ್ಲೆಯೂ ತಿಳಿಯಿತು.

ಈಚಿನ ಉದಾಹರಣೆಗಳೂ ಇದನ್ನೇ ಹೇಳುವವು. 1976ರಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಎಂಬ ದಂಡಿನ ಠಾಣ್ಯದಲ್ಲಿ ಹಂದಿಜ್ವರವು ಕಂಡದ್ದರಿಂದ ನಾಲ್ಕೂವರೆ ಕೋಟಿ ಜನರಿಗೆ ಲಸಿಕೆ ಹಾಕಿದರು. ಲಕ್ಷಕ್ಕೆ ಸುಮಾರು ಒಬ್ಬನಂತೆ ನನ್ನ ಶಿಷ್ಯನದೇ ನರಬೇನೆಯು ಹೆಚ್ಚಾಗಿ ಕಂಡುಬಂದಾಗ ಡಿಸೆಂಬರದಲ್ಲಿ ಆ ಕೆಲಸವನ್ನು ನಿಲ್ಲಿಸಿದರು. 2002ರ ಕೊನೆಗೆ ಅದೇ ದೇಶದ ಸಿಪಾಯಿಗಳಿಗೆ ನಮ್ಮ ಹಳೆಯ ದೇವಿಯ ಲಸಿಕೆಯನ್ನು ಮತ್ತೆ ಹಾಕತೊಡಗಿದರು. ಮೊದಲ ಸಲ ಹಾಕಿಸಿಕೊಂಡ 2,30,734 ಜನರಲ್ಲಿ 18 ಜನರಿಗೆ ಹೃದಯದ ಸ್ನಾಯುವಿನ ಉರಿಯೂತವಾಯಿತು. ಹಿಂದೊಮ್ಮೆ ಹಾಕಿಸಿಕೊಂಡಿದ್ದವರಲ್ಲಿ ಒಬ್ಬನಿಗೂ ಆಗಲಿಲ್ಲ. ನೂರಾರು ವರ್ಷ ಬಳಸಿದ ಲಸಿಕೆಯ ವಿಷಯದಲ್ಲಿಯೂ ಹೊಸ ಮಾತು ತಿಳಿಯುವದು ಬಾಕಿಯಿತ್ತು! 2021ರಲ್ಲಿ ಅಲ್ಲಿನ ಲಷ್ಕರಿ ವೈದ್ಯರೇ ಕೊರೋನಾದ ಹೊಸ ಬಗೆಯ ಲಸಿಕೆಯಾದ ಮೇಲೆ ಎದೆನೋವು ಬಂದ 23 ಜನ ಗಂಡಸರ ವೃತ್ತಾಂತವನ್ನು ಪ್ರಕಟಿಸಿದರು. 16 ಜನರು ಒಂದು ವಾರದಲ್ಲಿ ಗುಣವಾದರು. 7 ಜನರ ಎದೆನೋವು ವರದಿ ಬರೆಯುವ ಹೊತ್ತಿಗೂ ನಿಂತಿರಲಿಲ್ಲ. ಇಪ್ಪತ್ತೆಂಟು ಲಕ್ಷಕ್ಕೂ ಮೀರಿದ ಸೂಜಿಗಳ ನಡುವೆ ಈ ಏಳು ಜನರನ್ನು ಬಿಡದೆ ಬರೆದರಲ್ಲ, ಅದು ಆ ವೈದ್ಯರಿಗೆ ಭೂಷಣ.

ಇದರ ಮಗ್ಗುಲಲ್ಲಿಯೇ ಅವಸರದ ತೀರ್ಪಿನ ಕೇಡನ್ನೂ ನೆನೆಯಬೇಕು. 1902ರ ಅಕ್ಟೋಬರದಲ್ಲಿ ಪಂಜಾಬದ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಪ್ಲೇಗಿನ ಲಸಿಕೆ ಪಡೆದ 107 ಜನರಲ್ಲಿ 19 ಜನರು ಧನುರ್ವಾಯುವಿನಿಂದ ಸತ್ತರು. ದೋಷವೆಲ್ಲ ಹಾಫ್‌ಕಿನ್‌ರ ಪ್ರಯೋಗಶಾಲೆಯದೆಂದು ಅವರನ್ನು ಕೆಲಸದಿಂದ ದೂರವಿಟ್ಟರು. ಸತ್ತ 19 ಜನರೂ ಒಂದೇ ಸೀಸೆಯವರು. ಆ ಸೀಸೆಯನ್ನು ತೆರೆಯುವಾಗ ಚಿಮ್ಮಟವು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು ಎಂಬದು ಸ್ಪಷ್ಟವಾಗಿ, ರೊನಾಲ್ಡ್ ರಾಸ್‌ರಂಥ ವಿದ್ವಾಂಸರು ಬಹಿರಂಗವಾಗಿ ವಾದಿಸಿದ ಮೇಲೆ, 1907ರಲ್ಲಿ ಆ ಸತ್ಪುರುಷರ ಮೇಲಿನ ಕಳಂಕವು ಕಳೆಯಿತು. ಇಲ್ಲಿಯೂ ಸತ್ಯವನ್ನು ಹೊರಗೆ ತಂದದ್ದು ಸೀಸೆಯ ಮೇಲಿನ ಅಂಕೆಯೇ.

ಹುಚ್ಚುನಾಯಿ ಕಡಿದಾಗ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇರುವರು. ಅದು 1911ರಲ್ಲಿ ಕಸೌಲಿಯಲ್ಲಿ ಲಷ್ಕರಿ ವೈದ್ಯರಾಗಿದ್ದ ಡೇವಿಡ್ ಸೆಂಪಲ್‌ರು ಕುರಿಯ ಮೆದುಳಿನಿಂದ ಮಾಡಿದ ಲಸಿಕೆ. ಅದರೊಳಗಿನ ಮೆದುಳಿನ ಅಂಶವನ್ನು ವೈರಿಯೆಂದು ಎಣಿಸಿದ ಮೈಯು ಕೆಲವೊಮ್ಮೆ ತನ್ನ ನರಗಳನ್ನೇ ಹಗೆಯೆಂದು ತಿಳಿದು ಕೆಡಿಸುತ್ತಿತ್ತು. ಅಂಥವರು ಲಕ್ವ ಹೊಡೆದಂತಾಗುತ್ತಿದ್ದರು. ಹುಚ್ಚು ಹಿಡಿದರೆ ಮರಣವು ತಪ್ಪದಾದ್ದರಿಂದ ಬೇರೆ ಉಪಾಯವಿಲ್ಲದೆ ಜನರು ಈ ಅಪಾಯವನ್ನು ಹೊತ್ತರು. ಅಪಾಯವನ್ನು ಬಲ್ಲವರು ಬರೆದಿಟ್ಟಿದ್ದರಿಂದಲೇ ಹೆಚ್ಚು ನಿರಪಾಯವಾದ ಲಸಿಕೆಯನ್ನು ಹುಡುಕುವ ಯತ್ನ ನಡೆದು, 2004ರ ಕೊನೆಗೆ ನಮ್ಮ ದೇಶದಲ್ಲಿ ಹಳೆಯದರ ತಯಾರಿಕೆಯು ನಿಂತಿತು. ಇಂದು ತೋಳಿಗೆ ನಾಲ್ಕೈದು ಸೂಜಿಗಳಲ್ಲಿ ಕೆಲಸ ಮುಗಿಯುವದು. ಹಾನಿಯನ್ನು ಒಪ್ಪಿ ಬರೆಯುವದು ಲಸಿಕೆಗೆ ದ್ರೋಹವಲ್ಲ; ಲಸಿಕೆಯು ಸುಧಾರಿಸಿದ್ದೇ ಆ ದಾರಿಯಿಂದ.

ಅನ್ನ ಬೆಂದಿತೋ ಇಲ್ಲವೋ ನೋಡಲು ಒಂದಗುಳನ್ನು ಹಿಚುಕಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯವು ಎಲ್ಲರಿಗೂ ಗೊತ್ತು. ಲಸಿಕೆಯ ವಿಷಯದಲ್ಲಿ ಈ ನ್ಯಾಯವು ಎರಡೂ ಕಡೆಯಿಂದ ಮೋಸ ಮಾಡುವದು. ನನ್ನ ಶಿಷ್ಯನ ಒಂದು ಕಾಲನ್ನು ನೋಡಿ ಊರಿನವರು ಪಾತ್ರೆಯೆಲ್ಲ ವಿಷವೆಂದರು. ಉಳಿದ ಸಾವಿರಾರು ಜನರ ಕಾಲುಗಳನ್ನು ನೋಡಿ ಕಾಗದ ಬರೆದವರು ಇವನ ಕಾಲನ್ನೂ ಲೆಕ್ಕದಿಂದ ಬಿಟ್ಟರು. ಮಾತ್ರವಲ್ಲ, ಒಂದು ತಪ್ಪು ಇನ್ನೊಂದಕ್ಕೆ ಗೊಬ್ಬರವಾಗುವದು. ದಾಖಲೆಯಲ್ಲಿ ಎಡೆ ಸಿಗದ ಮಾತು ಚಾವಡಿಯಲ್ಲಿ ಬೆಳೆಯುವದು; ಅಲ್ಲಿ ಅದಕ್ಕೆ ಅಳತೆಯಿಲ್ಲ, ಕಡಿವಾಣವಿಲ್ಲ. ಸಂಶಯವಿದೆಯೆಂದು ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ಊರಿನ ಹತ್ತು ಕೂಸುಗಳ ಸೂಜಿಗಳು ತಪ್ಪುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ನಮ್ಮ ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು ಕೊಟ್ಟ ತೀರ್ಪು ಇಲ್ಲಿ ನೆನಪಿಗೆ ಬರುವದು. ಯಾರನ್ನೂ ಬಲವಂತದಿಂದ ಲಸಿಕೆಗೆ ಗುರಿಮಾಡಬಾರದೆಂದೂ, ಲಸಿಕೆಯ ನಂತರದ ದುಷ್ಪರಿಣಾಮಗಳನ್ನು ಜನರೂ ಖಾಸಗಿ ವೈದ್ಯರೂ ತಾವಾಗಿ ತಿಳಿಸಲು ದಾರಿ ಇರಬೇಕೆಂದೂ, ಆ ಮಾಹಿತಿಯು ಹೆಸರು ಗುಟ್ಟಾಗಿಟ್ಟು ಎಲ್ಲರಿಗೂ ತೆರೆದಿರಬೇಕೆಂದೂ ಅದು ಹೇಳಿತು. ಸರಕಾರದ ಲಸಿಕಾ ನೀತಿಯು ಅಸಮಂಜಸವಲ್ಲವೆಂದೂ ಅದೇ ತೀರ್ಪಿನಲ್ಲಿ ಹೇಳಿತು. ಎರಡು ಮಾತುಗಳೂ ಒಂದೇ ಬಾಯಿಂದ ಬಂದವೆಂಬದು ನನಗೆ ಮಹತ್ವದ್ದೆನಿಸುವದು. ಆಜ್ಞೆಯ ಕೆಳಗಿರುವ ಸಿಪಾಯಿಗೆ ಮೊದಲಿನ ಮಾತಿನ ಆಸರೆ ಅಷ್ಟಾಗಿ ಒದಗದಿದ್ದರೆ, ಬರೆದಿಡುವ ಮಾತಿನ ಆಸರೆಯು ಇಮ್ಮಡಿಯಾಗಿ ಒದಗಬೇಕು. ಸೂಜಿಯ ತಾರೀಖು, ತಯಾರಿಕೆಯ ಅಂಕೆ, ಬೇನೆ ಕಂಡ ದಿನ, ಇವು ಅವನ ಸೇವಾಪುಸ್ತಕದಲ್ಲಿ ಇರಲಿ. ಸಂಶಯವಿದ್ದಲ್ಲಿ ಸಂಶಯವೆಂದೇ ಬರೆಯಲಿ. ನಿವೃತ್ತಿಯ ಮೇಲೂ ಅವನ ಔಷಧೋಪಚಾರವು, ಗಡಿಯಲ್ಲಿ ಗಾಯಗೊಂಡವನದರಂತೆ, ವಾದವಿಲ್ಲದೆ ನಡೆಯಲಿ. ರೋಗವೂ ಒಂದು ಗಡಿಯೇ. ಅದನ್ನು ಕಾಯಲು ನಿಂತಾಗಲೇ ಅವನಿಗೆ ಪೆಟ್ಟು ತಗಲಿರುವದು.

ಮನುಷ್ಯನು ಹುಟ್ಟುವಾಗಲೇ ದೇವತೆಗಳ, ಋಷಿಗಳ, ಪಿತೃಗಳ ಋಣವನ್ನು ಹೊತ್ತು ಬರುವನೆಂದು ನಾವೆಲ್ಲ ಕಲಿತದ್ದುಂಟು. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದು ಸೇರಿದೆ: ಮನುಷ್ಯರ ಋಣ. ತೋಳಿನ ಮೇಲಿನ ದೇವಿಯ ಕಲೆಯನ್ನು ನೋಡಿಕೊಂಡಾಗಲೆಲ್ಲ, ನಮಗಿಂತ ಮೊದಲು ತೋಳು ಚಾಚಿದವರ, ಅವರಲ್ಲಿ ಕೆಟ್ಟ ಪಾಲು ಬಂದ ಕೆಲವರ ಋಣವು ನನ್ನ ಮೇಲಿದೆಯೆನಿಸುವದು. ವಾಚಕರ ಮನೆಗಳಲ್ಲಿ ಲಷ್ಕರದಿಂದ ಬಂದ ಮಗನೋ ಅಳಿಯನೋ ಅಣ್ಣನೋ ಇದ್ದರೆ, ಅವನ ಲಸಿಕೆಯ ಚೀಟಿಯನ್ನು ಹೊಲದ ಉತಾರದ ಜೊತೆಗೆ ಜೋಪಾನವಾಗಿ ಇಡಿರಿ. ಅವನಿಗೆ ಏನಾದರೂ ಆಗಿದ್ದರೆ ಆಗಿದೆಯೆಂದು ಹೇಳಲು ಬಿಡಿರಿ, ಕೇಳಿರಿ, ಬರೆಯಿಸಿರಿ. ನಿಮ್ಮ ಕೂಸುಗಳ ಸೂಜಿಗಳನ್ನು ಮಾತ್ರ ತಪ್ಪಿಸಬೇಡಿರಿ.